ಲ ಶಾಂಬೋಂ ಸ್ಯೂರ್ ಲಿನ್ಯೋಂ: ಬೆಟ್ಟದ ಮೇಲಿನ ಈ ಫ್ರೆಂಚ್ ಊರು ಅಷ್ಟು ಜನರನ್ನು ಬಚ್ಚಿಟ್ಟದ್ದು ಹೇಗೆ?

ನಕಾಶೆಪ್ರಿಯ:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದ ಫ್ರಾನ್ಸಿನ ಬಗ್ಗೆ ಓದಿದವರಿಗೆ ಲ ಶಾಂಬೋಂ ಸ್ಯೂರ್ ಲಿನ್ಯೋಂ ಎಂಬ ಹೆಸರು ಪರಿಚಯ ಇರುತ್ತದೆ. ಈಗಲೂ ಸುಮಾರು 2,500 ಜನ ಮಾತ್ರ ಇರುವ ಊರು. 1940ರಿಂದ 1944ರವರೆಗೆ ಇಲ್ಲಿನವರೂ ಸುತ್ತಲ ಹಳ್ಳಿಯವರೂ ಯಹೂದಿಗಳನ್ನು, ಅದರಲ್ಲೂ ಮಕ್ಕಳನ್ನು, ಮನೆಯಲ್ಲಿಟ್ಟುಕೊಂಡು ನಾಜಿಗಳ ಕೈಗೆ ಸಿಗದಂತೆ ಕಾಪಾಡಿದರು. 1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ ಒಬ್ಬಿಬ್ಬರನ್ನಲ್ಲ, ಊರಿಗೆ ಊರನ್ನೇ ಗೌರವಿಸಿತು. ಹಾಗೆ ಗೌರವ ಪಡೆದ ಇನ್ನೊಂದು ಊರು ಹಾಲೆಂಡಿನ ನ್ಯೂವ್‌ಲಾಂಡೆ.

ನನ್ನ ಪ್ರಶ್ನೆ ಇದು. ಸಿಗುವ ಬರಹಗಳೆಲ್ಲ ಪಾದ್ರಿ ಆಂದ್ರೆ ತ್ರೋಕ್ಮೆಯವರ ಧೈರ್ಯದಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಅವರ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಧೈರ್ಯವಂತ ಪಾದ್ರಿಗಳು ಬೇರೆ ಊರುಗಳಲ್ಲೂ ಇದ್ದರು. ಇದೇ ಊರಿನಲ್ಲಿ ಯಾಕಾಯಿತು? ಊರಿರುವ ಜಾಗ ಎಂಥದ್ದು, ಅದಕ್ಕೂ ಮುಂಚೆ ಅಲ್ಲಿ ಏನೇನು ನಡೆದಿತ್ತು? ಬಲ್ಲವರು ಬಿಡಿಸಿ ಬರೆದರೆ ಉಪಕಾರವಾಗುತ್ತದೆ.

ಲಿಯಾನ್ ಕನ್ನಡತಿ:

ನಾನಿರುವುದು ಲಿಯಾನಿನಲ್ಲಿ. ಇಲ್ಲಿಂದ ಶಾಂಬೋಂಗೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ, ಬೇಸಿಗೆಯಲ್ಲಿ ಹೋಗಿ ಬರುತ್ತಿರುತ್ತೇವೆ. ನೆಲದ ವಿಷಯ ನಾನು ಹೇಳುತ್ತೇನೆ, ಇತಿಹಾಸವನ್ನು ಹಳೆಪುಟ ಸರ್ ಮುಂದುವರಿಸಲಿ.

ಫ್ರಾನ್ಸಿನ ದಕ್ಷಿಣ-ಮಧ್ಯಭಾಗದಲ್ಲಿ ಮಾಸಿಫ್ ಸಾಂತ್ರಾಲ್ ಎಂಬ ವಿಶಾಲವಾದ ಎತ್ತರದ ಪ್ರದೇಶವಿದೆ. ಅದರ ಪೂರ್ವದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ ಈ ಊರು. ಜಿಲ್ಲೆ ಓತ್ ಲ್ವಾರ್. ಕೆಲವೇ ಕಿಲೋಮೀಟರ್ ಪೂರ್ವಕ್ಕೆ ಹೋದರೆ ಆರ್ದೆಶ್ ಜಿಲ್ಲೆ ಶುರು. ಎರಡೂ ಜಿಲ್ಲೆಗಳ ಗಡಿಯ ಮೇಲೆ ಹರಡಿಕೊಂಡ ಈ ಪ್ರಸ್ಥಭೂಮಿಗೆ ವಿವಾರೆ-ಲಿನ್ಯೋಂ ಎನ್ನುತ್ತಾರೆ.

ಕೆಳಗೆ ರೋನ್ ನದಿಯ ಕಣಿವೆಯಲ್ಲಿ ಪೀಚ್, ಏಪ್ರಿಕಾಟ್ ತೋಟಗಳು, ಬಿಸಿಲು. ಅಲ್ಲಿಂದ ತಿರುವುಗಳಲ್ಲಿ ಹತ್ತುತ್ತಾ ಹೋದರೆ ಸೇಂಟ್ ಆಗ್ರೆವ್ ಹತ್ತಿರ ಘಾಟಿ ಮುಗಿದು ಒಮ್ಮೆಗೇ ಬಯಲು ತೆರೆದುಕೊಳ್ಳುತ್ತದೆ. ಹುಲ್ಲುಗಾವಲು, ಪೈನ್ ಮತ್ತು ಫರ್ ಮರಗಳ ಕಾಡು, ಅಲ್ಲೊಂದು ಇಲ್ಲೊಂದು ಕಪ್ಪು-ಬೂದು ಕಲ್ಲಿನ ಮನೆ. ದಕ್ಷಿಣಕ್ಕೆ 1,753 ಮೀಟರಿನ ಮೆಜೆಂಕ್ ಬೆಟ್ಟ. ಅದರ ಆಚೆ 1,551 ಮೀಟರಿನ ಜೆರ್ಬಿಯೆ ದ ಜೊಂಕ್, ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್ ಹುಟ್ಟುವುದು ಅದರ ಬುಡದಲ್ಲಿ. ಇವೆಲ್ಲ ಆರಿಹೋದ ಜ್ವಾಲಾಮುಖಿಗಳ ನಾಡು. ಹಳೆಯ ಮನೆಗಳಿಗೆ ಹೊದಿಸಿರುವ ‘ಲೋಜ್’ ಚಪ್ಪಡಿಗಳೂ ಜ್ವಾಲಾಮುಖಿ ಕಲ್ಲಿನವೇ. ಒಂದೊಂದು ಸೂರೂ ಟನ್‌ಗಟ್ಟಲೆ ತೂಗುತ್ತದೆ, ಅದನ್ನು ಹೊರಲೆಂದೇ ಗೋಡೆಗಳು ಅಷ್ಟು ದಪ್ಪ.

ಲಿನ್ಯೋಂ ಹೊಳೆ ಮೆಜೆಂಕ್ ಕಡೆಯಿಂದ ಇಳಿದು ಊರ ನಡುವೆ ಹಾದು, ಉತ್ತರಕ್ಕೆ ಹರಿದು ಲ್ವಾರ್ ಸೇರಿ ಅಟ್ಲಾಂಟಿಕ್ ಕಡಲಿಗೆ ಹೋಗುತ್ತದೆ. ಪಕ್ಕದ ಸೇಂಟ್ ಆಗ್ರೆವ್ ಹತ್ತಿರ ಹುಟ್ಟುವ ಎರಿಯೂ ಹೊಳೆ ರೋನ್ ಸೇರಿ ಮೆಡಿಟರೇನಿಯನ್ ಕಡೆಗೆ. ಅಂದರೆ ಎರಡು ಕಡಲುಗಳ ನೀರು ಬೇರೆಯಾಗುವ ದಿಬ್ಬದ ಪಕ್ಕದಲ್ಲೇ ಕೂತಿದೆ ಈ ಊರು.

ಚಳಿಗಾಲವನ್ನು ಹೇಳದೆ ಈ ಜಾಗ ಅರ್ಥವಾಗುವುದಿಲ್ಲ. ಉತ್ತರದಿಂದ ‘ಬ್ಯೂರ್ಲ್’ ಎಂಬ ಗಾಳಿ ಬೀಸುತ್ತದೆ. ಬಿದ್ದ ಹಿಮವನ್ನು ಎತ್ತಿ ತಂದು ರಸ್ತೆಗೆ ಅಡ್ಡ ಗೋಡೆ ಕಟ್ಟಿಬಿಡುತ್ತದೆ. ಈಗ ಯಂತ್ರಗಳಿವೆ, ಬೆಳಗಾಗುವಷ್ಟರಲ್ಲಿ ದಾರಿ ಬಿಡಿಸುತ್ತಾರೆ. 1940ರ ದಶಕದಲ್ಲಿ ಎಷ್ಟೋ ತೋಟದ ಮನೆಗಳಿಗೆ ಚಳಿಗಾಲದಲ್ಲಿ ಹೋಗಬೇಕೆಂದರೆ ನಡೆದೇ ಹೋಗಬೇಕಿತ್ತು, ದಾರಿ ಬಲ್ಲವರು ಮಾತ್ರ.

ಮಲೆಯಂಗಳ:

ಮೇಡಂ, ಒಂದು ವಿಷಯ ಕೇಳಬೇಕಿತ್ತು. ಮನೆಗಳು ಒತ್ತೊತ್ತಾಗಿ ಒಂದೇ ಕಡೆ ಇವೆಯೋ, ಇಲ್ಲ ನಮ್ಮ ತೀರ್ಥಹಳ್ಳಿ, ಶೃಂಗೇರಿ ಕಡೆಯ ಹಾಗೆ ಒಂಟಿಮನೆಗಳೋ? ನಮ್ಮಲ್ಲಿ ಊರೆಂದರೆ ಅರ್ಧ ಮೈಲಿಗೊಂದು ಮನೆ, ಮನೆ ಹಿಂದೆಯೇ ಕಾಡು. ಅಂಥ ಕಡೆ ಯಾರಾದರೂ ಬಂದು ಉಳಿದರೆ ಪಕ್ಕದ ಮನೆಗೂ ತಿಳಿಯುವುದಿಲ್ಲ. ತಿಳಿದವರು ಹೇಳುವುದೂ ಇಲ್ಲ.

ಲಿಯಾನ್ ಕನ್ನಡತಿ:

ಎರಡೂ ಇವೆ. ಹೊಳೆಯ ಹತ್ತಿರ ಪೇಟೆ, ಚರ್ಚು, ಶಾಲೆ, ಸ್ಟೇಷನ್ನು, ಹೋಟೆಲುಗಳು. ಅದರಾಚೆ ಮೈಲಿಗಟ್ಟಲೆ ಚದುರಿದ ಒಂಟಿ ತೋಟದ ಮನೆಗಳು, ಪ್ರತಿಯೊಂದಕ್ಕೂ ಬೇರೆ ಹೆಸರು. ಮಣ್ಣು ಸತ್ವವಿಲ್ಲದ್ದು, ಚಳಿ ಬೇರೆ. ರೈ, ಆಲೂಗಡ್ಡೆ, ಕೆಲವು ಹಸು, ಕಾಡಿನ ಅಣಬೆ, ಬ್ಲೂಬೆರಿ, ಇಷ್ಟರಲ್ಲೇ ಬದುಕು. ಶ್ರೀಮಂತರ ಊರು ಯಾವತ್ತೂ ಆಗಿರಲಿಲ್ಲ. ಆದರೆ ಯುದ್ಧಕಾಲದ ರೇಷನ್ನಿನಲ್ಲಿ ಪಟ್ಟಣದವರು ಒದ್ದಾಡುವಾಗ ಇಲ್ಲಿ ಹಾಲು, ಆಲೂಗಡ್ಡೆಯಾದರೂ ಸಿಗುತ್ತಿತ್ತು. ಬಂದವರಿಗೆ ಊಟ ಹಾಕಲು ಆದದ್ದು ಅದರಿಂದಲೇ.

ಹಳೆಪುಟ:

ಮೇಡಂ ನೆಲದ ಚಿತ್ರ ಚೆನ್ನಾಗಿ ಕೊಟ್ಟರು. ಇನ್ನು ಆ ನೆಲದ ಮೇಲೆ ಬದುಕಿದವರ ಕಥೆಗೆ ಬರೋಣ. ಅದಕ್ಕೆ 1940ರಿಂದ ಶುರು ಮಾಡಿದರೆ ಸಾಲದು, ಸುಮಾರು ನಾನೂರು ವರ್ಷ ಹಿಂದಕ್ಕೆ ಹೋಗಬೇಕು.

ಕ್ಯಾಥೊಲಿಕ್ ಬಹುಸಂಖ್ಯಾತರ ಫ್ರಾನ್ಸಿನಲ್ಲಿ ಈ ಪ್ರಸ್ಥಭೂಮಿ ಪ್ರೊಟೆಸ್ಟೆಂಟರ ನೆಲೆ. 16ನೇ ಶತಮಾನದಲ್ಲಿ ಸುಧಾರಣಾ ಪಂಥ ಇಲ್ಲಿಗೆ ಹತ್ತಿಕೊಂಡು ಬಂತು, ಬಂದದ್ದು ಇಳಿದು ಹೋಗಲಿಲ್ಲ. ಫ್ರೆಂಚ್ ಪ್ರೊಟೆಸ್ಟೆಂಟರಿಗೆ ಹ್ಯೂಗೆನೊ ಎಂದು ಹೆಸರು. ದಶಕಗಳ ಧಾರ್ಮಿಕ ಯುದ್ಧಗಳಾದ ಮೇಲೆ 1598ರಲ್ಲಿ ನಾಲ್ಕನೇ ಹೆನ್ರಿ ದೊರೆ ನಾಂತ್ ಶಾಸನ ಹೊರಡಿಸಿ ಅವರಿಗೆ ಸೀಮಿತವಾದ ಹಕ್ಕುಗಳನ್ನು ಕೊಟ್ಟ. 1685ರಲ್ಲಿ ಹದಿನಾಲ್ಕನೇ ಲೂಯಿ ಅದನ್ನು ರದ್ದು ಮಾಡಿದ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಆ ಧರ್ಮ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಪ್ರಾರ್ಥನಾ ಮಂದಿರಗಳನ್ನು ಕೆಡವಿದರು. ಪಾದ್ರಿಗಳಿಗೆ ದೇಶಭ್ರಷ್ಟ ಶಿಕ್ಷೆ, ಸಿಕ್ಕಿಬಿದ್ದರೆ ಮರಣದಂಡನೆ. ಗುಟ್ಟಾಗಿ ಪ್ರಾರ್ಥನೆಗೆ ಸೇರಿದ ಗಂಡಸರನ್ನು ರಾಜನ ಹಡಗುಗಳಲ್ಲಿ ಹುಟ್ಟು ಹಾಕಲು ಕಳಿಸುತ್ತಿದ್ದರು, ಹೆಂಗಸರಿಗೆ ಸೆರೆಮನೆ. ಹೇಳಿದ ಮಾತು ಕೇಳದವರ ಮನೆಗಳಲ್ಲಿ ಸೈನಿಕರನ್ನು ಇಳಿಸಿ ಮನೆಯವರನ್ನು ಹಣ್ಣು ಮಾಡುವ ಪದ್ಧತಿ ಇನ್ನೊಂದು.

ಪಕ್ಕದ ವಿವಾರೆ ಸೀಮೆಯ ಮರಿ ದ್ಯೂರಾಂ ಎಂಬ ಹೆಣ್ಣುಮಗಳನ್ನು 1730ರಲ್ಲಿ ಹಿಡಿದರು. ಅಣ್ಣ ಪಾದ್ರಿಯಾಗಿದ್ದ, ಅದೇ ಅಪರಾಧ. ಮೆಡಿಟರೇನಿಯನ್ ತೀರದ ಎಗ್ ಮೋರ್ತ್ ಊರಿನ ಕೋಟೆ ಬುರುಜಿನಲ್ಲಿ ಆಕೆಯನ್ನು ಇಟ್ಟದ್ದು 38 ವರ್ಷ. ‘ನನ್ನ ಧರ್ಮ ಬಿಟ್ಟೆ’ ಎಂದು ಒಂದು ಮಾತು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಹೇಳಲಿಲ್ಲ. 1768ರಲ್ಲಿ ಹೊರಬಂದಳು. ಆ ಬುರುಜಿನ ಕಲ್ಲಿನಲ್ಲಿ ಸೆರೆಯಾಳುಗಳು ಕೆತ್ತಿದ ‘ಎದುರಿಸು’ ಎಂಬ ಪದ ಇಂದಿಗೂ ಇದೆ. ಈ ಭಾಗದ ಪ್ರೊಟೆಸ್ಟೆಂಟ್ ಮಕ್ಕಳು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಕಥೆಗಳು ಇಂಥವು.

ಆ ನೂರು ವರ್ಷ ಇವರು ಕಾಡಿನ ಬಯಲಿನಲ್ಲಿ, ದೂರದ ತೋಟದ ಮನೆಯ ಕೊಟ್ಟಿಗೆಯಲ್ಲಿ ಸೇರಿ ಕೀರ್ತನೆ ಹಾಡಿದರು. ಬೈಬಲನ್ನು ಮುಚ್ಚಿಟ್ಟರು. ತಿರುಗಾಟದ ಪಾದ್ರಿಯನ್ನು ರಾತ್ರಿ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸಿದರು. ಸರ್ಕಾರದ ಆಳು ಬಂದು ಕೇಳಿದರೆ ‘ನಮಗೇನೂ ಗೊತ್ತಿಲ್ಲ’. 1787ರಲ್ಲಿ ಹದಿನಾರನೇ ಲೂಯಿಯ ಶಾಸನ ಬಂದ ಮೇಲೆ ಇವರ ಮದುವೆ, ಹುಟ್ಟು, ಸಾವು ಸರ್ಕಾರಿ ದಾಖಲೆಗೆ ಸೇರಿದವು. ಮುಂದೆ ಕ್ರಾಂತಿಯ ಕಾಲದಲ್ಲಿ ಹೊಸ ಸರ್ಕಾರ ಕ್ಯಾಥೊಲಿಕ್ ಪುರೋಹಿತರನ್ನು ಬೇಟೆಯಾಡಿದಾಗ ಅವರಿಗೂ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಜಾಗ ಸಿಕ್ಕಿತು ಎಂಬ ನೆನಪು ಅಲ್ಲಿದೆ.

ನಕಾಶೆಪ್ರಿಯ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಇದು. 1940ರಲ್ಲಿ ಈ ಜನ ಹೊಸದಾಗಿ ಕಲಿಯಬೇಕಾದ್ದು ಬಹಳ ಇರಲಿಲ್ಲ. ಯಾವ ಮನೆಗೆ ಯಾವ ಕಾಡುದಾರಿ, ಯಾರಿಗೆ ಹೇಳಬಹುದು, ಯಾರೆದುರು ಬಾಯಿ ಮುಚ್ಚಬೇಕು, ಸರ್ಕಾರ ಹೇಳಿದ್ದೆಲ್ಲ ನ್ಯಾಯವಲ್ಲ ಎಂಬ ತಿಳಿವಳಿಕೆ, ಇವೆಲ್ಲ ಮನೆತನದ ಆಸ್ತಿಯಂತೆ ಬಂದಿದ್ದವು. ಹಳೆಯ ಒಡಂಬಡಿಕೆಯನ್ನು ದಿನಾ ಓದುವ ಮನೆಗಳು ಅವು. ಬಾಗಿಲಿಗೆ ಯಹೂದಿಯೊಬ್ಬ ಬಂದು ನಿಂತರೆ ಅವನು ಅವರ ಪಾಲಿಗೆ ಬೈಬಲಿನ ಜನ.

ರೈಲುಬಂಡಿ:

ಉಳಿದರ್ಧದಲ್ಲಿ ರೈಲಿಗೂ ಪಾಲಿದೆ. ಅದನ್ನು ಯಾರೂ ಬರೆಯುವುದಿಲ್ಲವೆಂದು ನನಗೆ ಬೇಸರ, ಹಾಗಾಗಿ ನಾನೇ ಬರೆಯುತ್ತೇನೆ.

20ನೇ ಶತಮಾನದ ಆರಂಭದಲ್ಲಿ ಈ ಬೆಟ್ಟಕ್ಕೆ ಮೀಟರ್ ಗೇಜ್ ರೈಲು ಬಂತು. ದುನಿಯೇರ್ ಎಂಬಲ್ಲಿ ದೊಡ್ಡ ರೈಲಿನಿಂದ ಇಳಿದು ಚಿಕ್ಕ ರೈಲು ಹತ್ತಿದರೆ ತಾಂಸ್, ಶಾಂಬೋಂ, ಸೇಂಟ್ ಆಗ್ರೆವ್. ಅಲ್ಲಿಂದ ಇನ್ನೊಂದು ಬದಿಗೆ ಇಳಿದು ರೋನ್ ದಡಕ್ಕೂ ಹೋಗಬಹುದಿತ್ತು. ಹೊಗೆಯುಗುಳುತ್ತಾ ತೆವಳುವ ಬಂಡಿಯೇ, ಆದರೆ ಅದು ಬಂದ ಮೇಲೆ ಊರಿನ ಜೀವನೋಪಾಯ ಬದಲಾಯಿತು.

ಹೇಗೆಂದರೆ, ಸುಮಾರು 60 ಕಿಲೋಮೀಟರ್ ದೂರದಲ್ಲಿ ಸೇಂಟ್ ಎತಿಯೆನ್ ಇದೆ. ಕಲ್ಲಿದ್ದಲು ಗಣಿ, ಕಬ್ಬಿಣದ ಕಾರ್ಖಾನೆ, ಆಯುಧ ಕಾರ್ಖಾನೆಗಳ ಊರು. ಮಸಿ ಗಾಳಿ ಕುಡಿದು ಕಾರ್ಮಿಕರ ಮಕ್ಕಳು ಕೆಮ್ಮುತ್ತಿದ್ದರು, ಕ್ಷಯದ ಭಯ ಬೇರೆ. ಅಲ್ಲಿನ ಪಾದ್ರಿ ಲೂಯಿ ಕೋಂತ್ 1890ರ ದಶಕದಲ್ಲಿ ಅಂಥ ಮಕ್ಕಳನ್ನು ಬೇಸಿಗೆಗೆ ಬೆಟ್ಟಕ್ಕೆ ಕಳಿಸುವ ಒಂದು ಸಂಸ್ಥೆ ಶುರು ಮಾಡಿದರು. ಮಕ್ಕಳು ಉಳಿಯುತ್ತಿದ್ದದ್ದು ರೈತರ ಮನೆಗಳಲ್ಲೇ. ರೈತನಿಗೆ ನಾಲ್ಕು ಕಾಸು, ಮಗುವಿಗೆ ಹಾಲು, ಗಾಳಿ. ರೈಲು ಬಂದ ಮೇಲೆ ಇದು ದೊಡ್ಡದಾಯಿತು. ಅದರ ಬೆನ್ನಿಗೇ ಪಟ್ಟಣದವರ ಬೇಸಿಗೆ ರಜೆಗೆ ಹೋಟೆಲುಗಳು, ಪಾನ್ಸಿಯೋಂ ಎನ್ನುವ ವಸತಿ-ಊಟದ ಮನೆಗಳು ಎದ್ದವು.

ಪರಿಣಾಮ ನೋಡಿ. 1940ರ ಹೊತ್ತಿಗೆ ಈ ಊರಿನಲ್ಲಿ ಖಾಲಿ ಹಾಸಿಗೆಗಳಿದ್ದವು, ನೂರಾರು. ಬೇರೆ ಊರಿನ ಮಗುವೊಂದು ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಅಡಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮುಸುಕು ಬೇಕೆ?

ನಕಾಶೆಪ್ರಿಯ:

ರೈಲುಬಂಡಿ ಸರ್, ಇದು ನಿಜಕ್ಕೂ ಹೊಸ ವಿಷಯ. ಆದರೆ ನಿರಾಶ್ರಿತರು ಬಂದ ರೈಲಿನಲ್ಲೇ ಪೊಲೀಸರೂ ಬರಬಹುದಲ್ಲ? ಹೋಟೆಲುಗಳಿರುವ ಊರು ಅಷ್ಟು ಗುಟ್ಟಿನ ಜಾಗವೂ ಅಲ್ಲ.

ಹಳೆಪುಟ:

ಗುಟ್ಟಾಗಿ ಉಳಿಯಲಿಲ್ಲ. ಜಿಲ್ಲಾಡಳಿತಕ್ಕೆ ಗೊತ್ತಿತ್ತು. ಒಂದು ಹಂತದ ಮೇಲೆ ಯುದ್ಧದಲ್ಲಿ ಗಾಯಗೊಂಡ ಜರ್ಮನ್ ಸೈನಿಕರನ್ನೇ ಸುಧಾರಿಸಿಕೊಳ್ಳಲೆಂದು ಶಾಂಬೋಂ ಹೋಟೆಲಿನಲ್ಲಿ ಇಟ್ಟಿದ್ದರು. ಅವರ ಕಣ್ಣೆದುರಿನ ಬೀದಿಯಲ್ಲೇ ಯಹೂದಿ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ತ್ರೋಕ್ಮೆ ಶಾಂಬೋಂಗೆ ಬಂದದ್ದು 1934ರಲ್ಲಿ. ಯುದ್ಧವನ್ನೇ ಒಪ್ಪದ ಶಾಂತಿವಾದಿ ಎಂಬ ಕಾರಣಕ್ಕೆ ಅವರನ್ನು ಕರೆಯಲು ಬೇರೆ ಸಭೆಗಳು ಹಿಂಜರಿದಿದ್ದವು. 1938ರಲ್ಲಿ ಅವರೂ ಅವರ ಜೊತೆಗಾರ ಪಾದ್ರಿ ಎದುವಾರ್ ತೇಸ್ ಅವರೂ ಸೇರಿ ಒಂದು ಪ್ರೌಢಶಾಲೆ ತೆರೆದರು, ಮುಂದೆ ಅದು ಕೊಲೇಜ್ ಸೆವೆನೋಲ್ ಎಂದು ಹೆಸರಾಯಿತು. ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವ ಶಾಲೆ. ಕೆಲಸ ಕಳೆದುಕೊಂಡು ಓಡಿಬಂದ ಎಷ್ಟೋ ಶಿಕ್ಷಕರಿಗೆ, ಹೊರಗಿಂದ ಬಂದ ಮಕ್ಕಳಿಗೆ ಇಲ್ಲಿ ಜಾಗ ಸಿಕ್ಕಿತು.

1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಊರ ಪ್ರಾರ್ಥನಾ ಮಂದಿರದಲ್ಲಿ ಇಬ್ಬರೂ ಪಾದ್ರಿಗಳ ಸಂದೇಶ ಓದಿದರು. ಅದರ ತಿರುಳು: ಮನಸ್ಸಾಕ್ಷಿಯ ಮೇಲೆ ಬಲಾತ್ಕಾರ ನಡೆದರೆ ಅದನ್ನು ಆತ್ಮದ ಆಯುಧಗಳಿಂದ ಎದುರಿಸುವುದು ಕ್ರೈಸ್ತರ ಕರ್ತವ್ಯ. ದೇಶಕ್ಕೆ ದೇಶವೇ ಸೋತು ಕೂತಿದ್ದ ಹೊತ್ತಿನಲ್ಲಿ ಬಂದ ಮಾತು ಇದು. ಆ ಮಂದಿರದ ಬಾಗಿಲ ಮೇಲೆ ‘ಒಬ್ಬರನ್ನೊಬ್ಬರು ಪ್ರೀತಿಸಿರಿ’ ಎಂದು ಕೆತ್ತಿದೆ.

ಮೊದಲ ಚಳಿಗಾಲದಲ್ಲೇ ಪಾದ್ರಿಮನೆಯ ಬಾಗಿಲು ತಟ್ಟಿ ಜರ್ಮನಿಯಿಂದ ಓಡಿಬಂದ ಯಹೂದಿ ಹೆಂಗಸೊಬ್ಬಳು ನಿಂತಿದ್ದಳು. ಪಾದ್ರಿಯ ಹೆಂಡತಿ ಮಾಗ್ದಾ ಒಳಗೆ ಕರೆದು ಒಲೆ ಮುಂದೆ ಕೂರಿಸಿದರು. ಆಕೆಗೆ ಕಾಗದಪತ್ರ ಮಾಡಿಸಲು ಮೇಯರ್ ಬಳಿ ಹೋದರೆ, ಆಕೆಯನ್ನು ಊರಿನಿಂದ ಕಳಿಸಿಬಿಡಿ ಎಂಬ ಉತ್ತರ ಬಂತು. ಇದನ್ನು ಮಾಗ್ದಾ ಅವರೇ ನಂತರ ಹೇಳಿಕೊಂಡಿದ್ದಾರೆ. ಊರೆಲ್ಲ ಮೊದಲ ದಿನದಿಂದ ಒಂದೇ ಮನಸ್ಸಾಗಿತ್ತು ಎನ್ನುವ ಬಣ್ಣದ ಕಥೆ ನನಗೆ ಹಿಡಿಸುವುದಿಲ್ಲ. ಮನೆಮನೆಯವರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ತೀರ್ಮಾನ ಮಾಡಬೇಕಾಯಿತು.

ದಕ್ಷಿಣ ಫ್ರಾನ್ಸಿನಲ್ಲಿ, ಸೋಲಿನ ನಂತರ ಜರ್ಮನಿಯೊಂದಿಗೆ ಕೈಜೋಡಿಸಿದ ಫ್ರಾನ್ಸಿನ ವಿಶಿ ಸರ್ಕಾರವೇ ಗ್ಯೂರ್ಸ್, ರಿವ್‌ಸಾಲ್ತ್‌ನಂಥ ಶಿಬಿರಗಳಲ್ಲಿ ವಿದೇಶಿ ಯಹೂದಿಗಳನ್ನು, ಸ್ಪೇನಿನ ಗಣತಂತ್ರವಾದಿಗಳನ್ನು ಕೂಡಿಹಾಕಿತ್ತು. 1941ರಲ್ಲಿ ಆ ಶಿಬಿರಗಳಿಂದ ಮಕ್ಕಳನ್ನು ಅನುಮತಿ ಪಡೆದು ಹೊರತರುವ ದಾರಿ ಇನ್ನೂ ಇತ್ತು. ಕ್ವೇಕರರು ಎಂಬ ಶಾಂತಿವಾದಿ ಕ್ರೈಸ್ತ ಪಂಥದವರು, ಸಿಮಾಡ್ ಎಂಬ ಪ್ರೊಟೆಸ್ಟೆಂಟ್ ಯುವ ಸಂಘಟನೆ, ಮಕ್ಕಳಿಗಾಗಿಯೇ ದುಡಿಯುತ್ತಿದ್ದ ಒಎಸ್ಇ ಎಂಬ ಯಹೂದಿ ಸಂಸ್ಥೆ, ಸ್ವಿಸ್ ನೆರವು ಸಂಸ್ಥೆ ಇವರೆಲ್ಲ ಸೇರಿ ಮಕ್ಕಳನ್ನು ಶಾಂಬೋಂಗೆ ಕಳಿಸಿದರು. ಸ್ವಿಸ್ ತರುಣ ಔಗುಸ್ಟ್ ಬೋನಿ ಲ ಗೆಸ್ಪಿ, ಲಬ್ರಿಕ್, ಫೈದೋಲಿ ಎಂಬ ಮಕ್ಕಳ ಮನೆಗಳನ್ನು ನಡೆಸಿದರು. ಹಣ ಹೊರಗಿನಿಂದ, ಮನೆ ಮತ್ತು ಜನ ಊರಿನಿಂದ.

1942ರ ಜುಲೈ 16 ಮತ್ತು 17ರಂದು ಪ್ಯಾರಿಸಿನಲ್ಲಿ 13,152 ಯಹೂದಿಗಳನ್ನು ಫ್ರೆಂಚ್ ಪೊಲೀಸರೇ ಹಿಡಿದರು. ಆಗಸ್ಟ್ 10ರಂದು ವಿಶಿ ಸರ್ಕಾರದ ಯುವಜನ ಇಲಾಖೆಯ ಮುಖ್ಯಸ್ಥ ಲಾಮಿರಾಂ ಶಾಂಬೋಂಗೆ ಭೇಟಿ ಕೊಟ್ಟಾಗ ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವರ ಕೈಗೇ ಒಂದು ಪತ್ರ ಕೊಟ್ಟರು. ಪ್ಯಾರಿಸಿನಲ್ಲಿ ನಡೆದದ್ದು ನಮಗೆ ಗೊತ್ತಾಗಿದೆ, ನಮ್ಮ ನಡುವೆಯೂ ಯಹೂದಿಗಳಿದ್ದಾರೆ, ನಾವು ಭೇದ ಮಾಡುವುದಿಲ್ಲ, ಅವರನ್ನು ಒಯ್ಯಲು ಆಜ್ಞೆ ಬಂದರೆ ಬಚ್ಚಿಡುತ್ತೇವೆ ಎಂಬ ಅರ್ಥದ ಪತ್ರ. ಬರೆದವರು ಹದಿಹರೆಯದವರು! ಅದೇ ತಿಂಗಳ ಕೊನೆಯಲ್ಲಿ ಜಂದಾರ್ಮ್ ಪೊಲೀಸರು ಬಸ್ಸುಗಳೊಂದಿಗೆ ಬಂದರು. ಪಟ್ಟಿ ಕೇಳಿದರೆ ಪಾದ್ರಿ ಕೊಡಲಿಲ್ಲ. ಅಷ್ಟರಲ್ಲಿ ಮಕ್ಕಳು, ದೊಡ್ಡವರು ತೋಟಗಳಿಗೆ, ಕಾಡಿಗೆ ಚದುರಿಯಾಗಿತ್ತು. ವಾರಗಟ್ಟಲೆ ಹುಡುಕಿಯೂ ಬಸ್ಸುಗಳು ಹೆಚ್ಚುಕಡಿಮೆ ಖಾಲಿಯೇ ಹೋದವು. ಮಲೆಯಂಗಳ ಅವರು ಕೇಳಿದ ಒಂಟಿಮನೆಗಳು ಕೆಲಸಕ್ಕೆ ಬಂದದ್ದು ಇಲ್ಲಿ.

ಮಲೆಯಂಗಳ:

ಸುದ್ದಿ ಮುಂಚೆಯೇ ಹೇಗೆ ಸಿಗುತ್ತಿತ್ತು?

ಹಳೆಪುಟ:

ಪೊಲೀಸರು ಬರುವ ಮುಂಚೆ ಪಾದ್ರಿಮನೆಗೆ ಎಷ್ಟೋ ಸಲ ಫೋನು ಬರುತ್ತಿತ್ತು. ಮಾಡಿದವರು ಯಾರೆಂಬುದು ಇವತ್ತಿಗೂ ವಾದದ ವಿಷಯ. ಊರಿನ ಬೈಬಲ್ ಅಧ್ಯಯನದ ಗುಂಪುಗಳು ಬೇರೆ ಇದ್ದವು, ಒಂದೊಂದು ಕೇರಿಗೆ ಒಂದೊಂದು. ಅವುಗಳ ಮೂಲಕ ಮಾತು ಬೇಗ ಹರಡುತ್ತಿತ್ತು.

ಲೆಕ್ಕಪತ್ರ:

ಇಲ್ಲಿ ಸಂಖ್ಯೆಯ ಮಾತು ಬರಲೇಬೇಕು. ‘ಐದು ಸಾವಿರ ಜನ ಐದು ಸಾವಿರ ಜನರನ್ನು ಉಳಿಸಿದರು’ ಎಂಬ ವಾಕ್ಯ ಎಲ್ಲೆಡೆ ಓಡಾಡುತ್ತದೆ. 5,000 ಎಂಬ ಅಂದಾಜು ಬಂದದ್ದು ಓಸ್ಕರ್ ರೊಸೋವ್ಸ್ಕಿ ಅವರಿಂದ. ಬರ್ಲಿನಿನಲ್ಲಿ ಹುಟ್ಟಿದ ಯಹೂದಿ ಯುವಕ, ಸುಳ್ಳು ಹೆಸರಿನಲ್ಲಿ ಶಾಂಬೋಂಗೆ ಬಂದು ಸುಳ್ಳು ಗುರುತಿನ ಚೀಟಿ, ರೇಷನ್ ಕಾರ್ಡು ತಯಾರಿಸುತ್ತಾ ಕೂತವರು. ತಯಾರಿಸಿದ ಕಾಗದಗಳನ್ನು ಒಬ್ಬ ರೈತನ ಜೇನುಪೆಟ್ಟಿಗೆಗಳಲ್ಲಿ ಮುಚ್ಚಿಡುತ್ತಿದ್ದರು. ಅಂಥವರ ಅಂದಾಜಿಗೆ ಬೆಲೆ ಇದೆ. ಆದರೆ ಅದರಲ್ಲಿ ಯಹೂದಿಗಳಲ್ಲದವರೂ ಸೇರಿದ್ದಾರೆ, ಜರ್ಮನಿಯ ಕಡ್ಡಾಯ ದುಡಿಮೆಯಿಂದ ತಪ್ಪಿಸಿಕೊಂಡ ಫ್ರೆಂಚ್ ಯುವಕರು, ಸ್ಪೇನಿನವರು ಹೀಗೆ. ನಂತರ ದಾಖಲೆ ಹಿಡಿದು ಕೂತ ಇತಿಹಾಸಕಾರರಲ್ಲಿ ಅನೇಕರು ಇದಕ್ಕಿಂತ ಬಹಳ ಕಡಿಮೆ ಸಂಖ್ಯೆ ಹೇಳುತ್ತಾರೆ. ಕೆಲವರು ಹಾದುಹೋದವರನ್ನು ಎಣಿಸುತ್ತಾರೆ, ಕೆಲವರು ನೆಲೆಸಿದವರನ್ನು ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ, ಬಚ್ಚಿಡುವ ಕೆಲಸದಲ್ಲಿ ಪಟ್ಟಿ ಬರೆದಿಡುವುದೇ ದೊಡ್ಡ ಅಪಾಯ. ಪಟ್ಟಿ ಇಲ್ಲದ್ದರಿಂದ ಜನ ಉಳಿದರು, ಪಟ್ಟಿ ಇಲ್ಲದ್ದರಿಂದ ನಮಗೆ ಸಂಖ್ಯೆ ಸಿಗುವುದಿಲ್ಲ. ಸಂಖ್ಯೆ ಇಳಿದರೆ ಕೆಲಸ ಚಿಕ್ಕದಾಗುವುದಿಲ್ಲ. ಹಾಗಾಗಿ ನಾವಾದರೂ ಬರೆಯುವಾಗ 5,000 ಎಂಬುದನ್ನು ಸಿದ್ಧಸತ್ಯದಂತೆ ಬರೆಯುವುದು ಬೇಡ.

ಲಿಯಾನ್ ಕನ್ನಡತಿ:

ಲೆಕ್ಕಪತ್ರ ಅವರ ಮಾತಿಗೆ ನನ್ನದೂ ಒಪ್ಪಿಗೆ. ಇನ್ನೊಂದು ನ್ಯಾಯದ ಮಾತು ಸೇರಿಸಬೇಕು. ಶಾಂಬೋಂ ಹೆಸರು ಎಷ್ಟು ದೊಡ್ಡದಾಯಿತೆಂದರೆ ಸುತ್ತಲ ಊರುಗಳು ಮರೆಗೆ ಸರಿದವು. ಲ ಮಾಜೆ ಸೇಂಟ್ ವ್ವಾ, ತಾಂಸ್, ಸೇಂಟ್ ಆಗ್ರೆವ್, ಫೇ, ದೆವೆಸೆ, ಮಾರ್ಸ್, ಈ ಊರುಗಳ ತೋಟದ ಮನೆಗಳಲ್ಲೂ ಜನರನ್ನು ಇಟ್ಟುಕೊಂಡಿದ್ದರು. ಅಲ್ಲಿನ ಹಿರಿಯರಿಗೆ ಇದರ ನೋವು ಇತ್ತು, ಇರುವುದು ಸಹಜವೇ. ಯಾದ್ ವಶೇಮ್ ಗೌರವದಲ್ಲಿ ‘ಮತ್ತು ಸುತ್ತಲ ಊರುಗಳು’ ಎಂದು ಸೇರಿರುವುದು ಅದಕ್ಕೇ ಮುಖ್ಯ.

ಪ್ರೊಟೆಸ್ಟೆಂಟರೆಂದರೂ ಎಲ್ಲರೂ ತ್ರೋಕ್ಮೆ ಅವರ ಸಭೆಯವರಲ್ಲ. 19ನೇ ಶತಮಾನದಲ್ಲಿ ಇಂಗ್ಲಿಷ್ ಬೋಧಕ ಡಾರ್ಬಿಯ ಪಂಥವೂ ಇಲ್ಲಿ ನೆಲೆಯೂರಿತು. ಅವರಿಗೆ ಪಾದ್ರಿಯೇ ಇಲ್ಲ, ಮಂದಿರವೂ ಬೇಡ. ಮನೆಯಲ್ಲೇ ಬೈಬಲ್, ಮಾತು ಕಡಿಮೆ, ಹೊರಗಿನ ರಾಜಕೀಯ ದೂರ. ಯಾವ ಉಪದೇಶವನ್ನೂ ಕೇಳಲು ಹೋಗದ ಈ ರೈತರು ಎಷ್ಟು ಜನರನ್ನು ಇಟ್ಟುಕೊಂಡಿದ್ದರು ಎಂಬುದು ಹೊರಗೆ ಬಂದದ್ದು ಬಹಳ ತಡವಾಗಿ, ಅವರು ಹೇಳಿಕೊಳ್ಳುವವರಲ್ಲ. ಕ್ಯಾಥೊಲಿಕ್ ಮನೆಗಳೂ ಇದ್ದವು. ನಕಾಶೆಪ್ರಿಯ ಅವರ ಮೂಲ ಪ್ರಶ್ನೆಗೆ ಇದು ದೊಡ್ಡ ಉತ್ತರವೆಂದು ನನಗನಿಸುತ್ತದೆ.

ಲ ಮಾಜೆ ಊರಿಗೆ ಸೇರಿದ ಪಾನೆಲಿಯೆ ಎಂಬ ಹಳ್ಳಿಯಲ್ಲಿ ಫ್ರೆಂಚ್ ಲೇಖಕ ಆಲ್ಬರ್ ಕಾಮು 1942ರ ಬೇಸಿಗೆಯಲ್ಲಿ ಬಂದು ಉಳಿದದ್ದು. ಕ್ಷಯಕ್ಕೆ ಬೆಟ್ಟದ ಗಾಳಿ ಬೇಕಿತ್ತು. ನವೆಂಬರಿನಲ್ಲಿ ಮಿತ್ರಸೇನೆ ಉತ್ತರ ಆಫ್ರಿಕಕ್ಕೆ ಇಳಿದು, ಜರ್ಮನರು ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದ ಮೇಲೆ ಅಲ್ಜೀರಿಯದ ಮನೆಗೆ ಮರಳುವ ದಾರಿ ಮುಚ್ಚಿತು. ಪ್ಲೇಗಿನಿಂದ ಬಾಗಿಲು ಮುಚ್ಚಿದ ನಗರದ ಕಥೆಯಾದ ತನ್ನ ‘ಪ್ಲೇಗ್’ ಕಾದಂಬರಿಯನ್ನು ಅಲ್ಲೇ ಬರೆಯುತ್ತಾ ಕೂತ.

ಗಣಿತಮೇಷ್ಟ್ರು:

ನಮ್ಮ ಗಣಿತದವರಿಗೂ ಈ ಊರು ತೀರ್ಥಕ್ಷೇತ್ರ. ಅಲೆಕ್ಸಾಂಡರ್ ಗ್ರೋಥೆಂಡೀಕ್ ಇಲ್ಲಿ ಬೆಳೆದ ಹುಡುಗ. ತಂದೆಯನ್ನು 1942ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಿದರು, ಹಿಂತಿರುಗಲಿಲ್ಲ. ತಾಯಿ ಶಿಬಿರದಲ್ಲಿ. ಹುಡುಗ ಲ ಗೆಸ್ಪಿ ಮಕ್ಕಳ ಮನೆಯಲ್ಲಿದ್ದುಕೊಂಡು ಕೊಲೇಜ್ ಸೆವೆನೋಲ್‌ನಲ್ಲಿ ಓದಿದ. ದಾಳಿಯ ಸುದ್ದಿ ಬಂದರೆ ಮಕ್ಕಳು ಕಾಡು ಸೇರುತ್ತಿದ್ದರು, ಅವರಲ್ಲಿ ಈತನೂ ಒಬ್ಬ. 1966ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ. ಇಪ್ಪತ್ತನೇ ಶತಮಾನದ ಬೀಜರೇಖಾಗಣಿತವನ್ನು ಬುಡದಿಂದ ಕಟ್ಟಿದವರು. ಆ ಹುಡುಗನಿಗೆ ಒಂದು ಹಾಸಿಗೆ, ಒಂದು ತರಗತಿ ಕೊಟ್ಟ ಊರು ಇದು. ಯುದ್ಧ ಮುಗಿದ ಮೇಲೆ ತತ್ತ್ವಜ್ಞಾನಿ ಪಾಲ್ ರಿಕರ್ ಕೂಡ ಇದೇ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದರು.

ಮಲೆಯಂಗಳ:

ಹಳೆಪುಟ ಸರ್, ಊರಿನವರು ಯಾರೂ ಸಾಯಲಿಲ್ಲವೇ? ಮತ್ತೆ, ಎಲ್ಲರೂ ಅಹಿಂಸಾವಾದಿಗಳೇ? ಪಕ್ಕದಲ್ಲೇ ಬಂದೂಕು ಹಿಡಿದವರೂ ಇದ್ದರೆಂದು ಓದಿದ್ದೆ.

ಹಳೆಪುಟ:

ಸತ್ತರು. 1943ರ ಫೆಬ್ರವರಿಯಲ್ಲಿ ತ್ರೋಕ್ಮೆ, ತೇಸ್, ಊರಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯ ರೋಜೆ ದಾರ್ಸಿಸಾಕ್ ಮೂವರನ್ನೂ ಹಿಡಿದು ಲಿಮೋಜ್ ಹತ್ತಿರದ ಶಿಬಿರದಲ್ಲಿ ಸುಮಾರು ಒಂದು ತಿಂಗಳು ಇಟ್ಟರು. ಬಿಡುಗಡೆಯಾಗಿ ಬಂದ ಮೇಲೆ ಪಾದ್ರಿಗಳಿಬ್ಬರೂ ಕೆಲವು ತಿಂಗಳಲ್ಲಿ ಭೂಗತರಾಗಬೇಕಾಯಿತು. ತೇಸ್ ಸಿಮಾಡ್ ಜೊತೆ ಸೇರಿ ಜನರನ್ನು ಸ್ವಿಸ್ ಗಡಿ ದಾಟಿಸುವ ಕೆಲಸಕ್ಕಿಳಿದರು. ಪಾದ್ರಿಗಳು ಊರಲ್ಲಿ ಇಲ್ಲದ ಆ ತಿಂಗಳುಗಳಲ್ಲೂ ಮನೆಗಳ ಬಾಗಿಲು ಮುಚ್ಚಲಿಲ್ಲ. ಒಬ್ಬನೇ ನಾಯಕನ ಕಥೆಯಾಗಿದ್ದರೆ ಅಲ್ಲಿಗೆ ನಿಂತುಹೋಗಬೇಕಿತ್ತು.

1943ರ ಜೂನ್ 29ರ ಬೆಳಿಗ್ಗೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೊ ‘ಮೇಸೋಂ ದೆ ರೋಶ್’ ಎಂಬ ವಿದ್ಯಾರ್ಥಿನಿಲಯಕ್ಕೆ ನುಗ್ಗಿತು. 18 ವಿದ್ಯಾರ್ಥಿಗಳನ್ನು ಹಿಡಿದರು. ನಿಲಯದ ಮೇಲ್ವಿಚಾರಕ ಡ್ಯಾನಿಯೆಲ್ ತ್ರೋಕ್ಮೆ, ಪಾದ್ರಿಯ ಸಂಬಂಧಿಕ. ತಪ್ಪಿಸಿಕೊಳ್ಳಲು ಅವಕಾಶವಿದ್ದರೂ ಹುಡುಗರ ಜೊತೆಗೇ ಹೋದರು. 1944ರ ಏಪ್ರಿಲಿನಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು. ಆ ವಿದ್ಯಾರ್ಥಿಗಳಲ್ಲೂ ಹಲವರು ಮರಳಲಿಲ್ಲ. ಊರಿನ ಡಾಕ್ಟರ್ ರೋಜೆ ಲ ಫೊರೆಸ್ತಿಯೆ ಆಫ್ರಿಕದಲ್ಲಿ ಆಲ್ಬರ್ಟ್ ಶ್ವೈಟ್ಜರ್ ಜೊತೆ ಕೆಲಸ ಮಾಡಿ ಬಂದವರು. ಅವರನ್ನು 1944ರ ಆಗಸ್ಟ್ 20ರಂದು ಲಿಯಾನ್ ಹತ್ತಿರದ ಸೇಂಟ್ ಜೆನಿ ಲಾವಾಲ್‌ನಲ್ಲಿ ನೂರಕ್ಕೂ ಹೆಚ್ಚು ಕೈದಿಗಳೊಂದಿಗೆ ಗುಂಡಿಟ್ಟು ಕೊಂದರು. ಎರಡು ವಾರ ಕಳೆದಿದ್ದರೆ ಬಿಡುಗಡೆಯ ಸೇನೆ ಲಿಯಾನ್ ತಲುಪಿರುತ್ತಿತ್ತು.

ಬಂದೂಕಿನವರೂ ಇದ್ದರು, ನೀವು ಓದಿದ್ದು ಸರಿ. 1943ರಿಂದ ಕಾಡಿನಲ್ಲಿ ಸಶಸ್ತ್ರ ಗುಂಪುಗಳು ಬೆಳೆದವು. 1944ರ ಬೇಸಿಗೆಯಲ್ಲಿ ಅಮೆರಿಕದ ಗೂಢಚಾರಿಣಿ ವರ್ಜೀನಿಯಾ ಹಾಲ್ ಈ ಪ್ರಸ್ಥಭೂಮಿಯಲ್ಲೇ ಇದ್ದು ವಿಮಾನದಿಂದ ಆಯುಧ ಇಳಿಸಿಕೊಂಡು ಹಂಚಿದರು. ಒಂದು ಕಾಲು ಮರದ್ದು, ಆದರೂ ಈ ಬೆಟ್ಟಗಳಲ್ಲಿ ಓಡಾಡಿದ ಹೆಂಗಸು. ಅಹಿಂಸೆಯ ಪಾದ್ರಿ, ಬಂದೂಕಿನ ತರುಣ, ಸುಮ್ಮನೆ ಆಲೂಗಡ್ಡೆ ಬೇಯಿಸಿ ಹಾಕಿದ ಡಾರ್ಬಿ ಪಂಥದ ಮುದುಕಿ, ಒಂದೇ ಊರಿನಲ್ಲಿ ಇವರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಡದೆ ಬದುಕಿದರು.

ನಕಾಶೆಪ್ರಿಯ:

ಎಲ್ಲರಿಗೂ ಮನಸಾರೆ ಧನ್ಯವಾದ. ನಕಾಶೆ ಬಿಡಿಸಿಕೊಂಡು ಒಂದೊಂದೇ ಊರು ಗುರುತು ಹಾಕುತ್ತಿದ್ದೇನೆ. ಕೊನೆಯದಾಗಿ, ಈಗ ಅಲ್ಲಿ ನೋಡಲು ಏನಿದೆ? ಆ ರೈಲು, ಆ ಶಾಲೆ ಇನ್ನೂ ಇವೆಯೇ?

ರೈಲುಬಂಡಿ:

ಮಾಮೂಲಿ ರೈಲು 1968ರಲ್ಲಿ ನಿಂತಿತು. ಆದರೆ ಹಳಿ ಪೂರ್ತಿ ಕಿತ್ತಿಲ್ಲ. ಸ್ವಯಂಸೇವಕರು ‘ವೆಲೆ ಎಕ್ಸ್‌ಪ್ರೆಸ್’ ಹೆಸರಿನಲ್ಲಿ ಬೇಸಿಗೆಯಲ್ಲಿ ತಾಂಸ್, ಶಾಂಬೋಂ, ಸೇಂಟ್ ಆಗ್ರೆವ್ ದಾರಿಯಲ್ಲಿ ಪ್ರವಾಸಿ ರೈಲು ಓಡಿಸುತ್ತಾರೆ. ಹೋಗುವುದಾದರೆ ದಯವಿಟ್ಟು ಅದರಲ್ಲೇ ಹೋಗಿ.

ಲಿಯಾನ್ ಕನ್ನಡತಿ:

ಶಾಲೆ 2014ರಲ್ಲಿ ಮುಚ್ಚಿತು, ಅದೊಂದು ನನಗೆ ತುಂಬ ನೋವಿನ ವಿಷಯ. ಪ್ರಾರ್ಥನಾ ಮಂದಿರ ಇದೆ. ಅದರ ಎದುರಿಗೇ 2013ರಲ್ಲಿ ಸ್ಮಾರಕ-ಮ್ಯೂಸಿಯಂ ತೆರೆದಿದ್ದಾರೆ. ಬದುಕುಳಿದವರು ಮಾತಾಡಿರುವ ವಿಡಿಯೋಗಳನ್ನು ಕೂತು ಕೇಳಬಹುದು, ಅದಕ್ಕೆ ಸಮಯ ಇಟ್ಟುಕೊಂಡು ಹೋಗಿ.

ವಿಯೆನ್ನಾದಲ್ಲಿ ಹುಟ್ಟಿದ ಎರಿಕ್ ಶ್ವಾಮ್ ಎಂಬವರು 1943ರಲ್ಲಿ ಹುಡುಗನಾಗಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದು ಉಳಿದುಕೊಂಡಿದ್ದರು. ಮುಂದೆ ಲಿಯಾನಿನಲ್ಲಿ ಔಷಧಶಾಸ್ತ್ರ ಓದಿ ಅದೇ ವೃತ್ತಿಯಲ್ಲಿದ್ದರು, ಮಕ್ಕಳಿರಲಿಲ್ಲ. 2020ರ ಡಿಸೆಂಬರಿನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು, ಸುಮಾರು 20 ಲಕ್ಷ ಯೂರೋ, ಶಾಂಬೋಂ ಊರಿಗೆ ಬರೆದಿಟ್ಟಿದ್ದರು. ಮಕ್ಕಳ ವಿದ್ಯಾಭ್ಯಾಸಕ್ಕೆ, ಯುವಕರಿಗೆ ಬಳಸಬೇಕೆಂದು ಅವರ ಆಸೆ.

ಹೋಗಲು ಜೂನ್ ಒಳ್ಳೆಯದು, ಜೆನೆ ಎಂಬ ಹಳದಿ ಹೂವಿನ ಪೊದೆಗಳು ಬಯಲಿನ ತುಂಬ ಅರಳಿರುತ್ತವೆ. ಲಿಯಾನಿಗೆ ಬಂದರೆ ಸಂದೇಶ ಹಾಕಿ, ಜೊತೆಗೆ ಹೋಗೋಣ. ಲ ಮಾಜೆಯನ್ನೂ ನೋಡಿಕೊಂಡು ಬರಬೇಕು, ಅಲ್ಲಿಗೆ ಹೆಚ್ಚು ಜನ ಹೋಗುವುದಿಲ್ಲ.